ಬೋರ್‌ವೆಲ್‌ಗೆ ಪಾಯಿಂಟ್ ನೋಡ್ತೀವಿ, ವೈಫೈಗೆ ಯಾಕೆ ನೋಡಲ್ಲ?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ಮಲೆನಾಡಿನ ಒಂದು ಪಂಚಾಯಿತಿಯಲ್ಲಿ ಉಚಿತ ವೈಫೈ ಉದ್ಘಾಟನೆಗೆ ಹೋಗಿದ್ದೆ. ಟೇಪು ಕತ್ತರಿಸಿದರು, ಶಾಲು ಹೊದಿಸಿದರು, ಕಾಫಿ-ಬಿಸ್ಕತ್ತು ಆಯಿತು. ನಾನು ಫೋಟೊ ತೆಗೆದು, ‘ಇಡೀ ಊರಿಗೆ ಬಂತು ಇಂಟರ್‌ನೆಟ್’ ಅಂತ ತಲೆಬರಹ ಕೊಟ್ಟು ಸುದ್ದಿ ಕಳಿಸಿದೆ. ಪಂಚಾಯಿತಿ ಕಟ್ಟೆಯಿಂದ ಐವತ್ತು ಹೆಜ್ಜೆ ಆಚೆ ನಡೆದು ನನ್ನ ಫೋನನ್ನು ತೆಗೆದು ನೋಡುವ ಕೆಲಸ ಮಾತ್ರ ಮಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಮತ್ತೆ ಅದೇ ಊರಿಗೆ ಹೋದೆ. ಪಂಚಾಯಿತಿ ಕಚೇರಿಯ ಒಳಗೋಡೆಯ ಮೇಲೆ ವೈಫೈ ಡಬ್ಬಿ ಇದೆ, ಹಸಿರು ದೀಪವೂ ಉರಿಯುತ್ತಿದೆ. ಪಿಡಿಒ ಮೇಜಿನ ಹತ್ತಿರ ಸಿಗ್ನಲ್ ಫುಲ್. ಹೊರಗೆ ಕಟ್ಟಡದ ಹಿಂಗೋಡೆಗೆ ಒರಗಿಕೊಂಡು, ಸೂರಿನ ನೀರು ಫೋನಿನ ಮೇಲೆ ಬೀಳದ ಹಾಗೆ ದುಪಟ್ಟಾ ಅಡ್ಡ ಹಿಡಿದು ಒಬ್ಬ ಪಿಯುಸಿ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು.

“ಇಲ್ಲಿ ಮಾತ್ರ ಎರಡು ಕಡ್ಡಿ ಬರ್ತದೆ ಅಣ್ಣ. ಲೈಬ್ರರೀಲಿ ಬರಲ್ಲ” ಅಂದಳು.

ಲೈಬ್ರರಿ ಎಷ್ಟು ದೂರ ಅಂದುಕೊಂಡಿರಿ? ರಸ್ತೆ ದಾಟಿದರೆ ಆಯಿತು. ಇನ್ನೂ ಸ್ವಲ್ಪ ಕೆಳಗೆ ರೇಷನ್ ಅಂಗಡಿ. ಸರ್ವರ್ ಸಿಗದ ದಿನ ಅಂಗಡಿಯವರು ಹೆಬ್ಬೆಟ್ಟಿನ ಮಷಿನ್ ಹಿಡಿದು ದಿಬ್ಬ ಹತ್ತುತ್ತಾರೆ. ಅವರ ಹಿಂದೆ ಕೊಡೆ ಹಿಡಿದ ಅಜ್ಜಿಯರ ಸಾಲು. ಪಂಚಾಯಿತಿಯ ಕಡತದಲ್ಲಿ ಮಾತ್ರ ಕಾಮಗಾರಿ ಪೂರ್ಣ, ಬಿಲ್ ಪಾಸ್.

ನಾನು ಬರೆದ ಸುದ್ದಿ ಸುಳ್ಳಾಗಿತ್ತು. ಆ ಡಬ್ಬಿಯಲ್ಲಿ ದೋಷ ಇರಲಿಲ್ಲ. ಇಟ್ಟ ಜಾಗ ತಪ್ಪಾಗಿತ್ತು.

ರೇಂಜ್ ಡಬ್ಬಿಯೊಳಗೆ ಇರುವುದಿಲ್ಲ

ನಮ್ಮ ರೈತರು ಬೋರ್‌ವೆಲ್ ಕೊರೆಸುವ ಮೊದಲು ಪಾಯಿಂಟ್ ನೋಡಿಸುತ್ತಾರೆ. ಕೆಲವರು ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕರೆಸುತ್ತಾರೆ, ಕೆಲವರು ಭೂಗರ್ಭ ತಜ್ಞರನ್ನು. ಯಾವುದು ಸರಿ ಎಂಬ ಜಗಳ ಬೇರೆ. ಆದರೆ ಪಾಯಿಂಟ್ ನೋಡದೆ, ‘ಲಾರಿ ನಿಲ್ಲಿಸೋಕೆ ಇಲ್ಲಿ ಸುಲಭ’ ಅಂತ ಮನೆ ಬಾಗಿಲಲ್ಲೇ ಕೊರೆಸುವವನನ್ನು ಊರು ಏನನ್ನುತ್ತದೆ ಅಂತ ನಿಮಗೆ ಗೊತ್ತು.

ವೈಫೈ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಕರೆಂಟಿನ ಪ್ಲಗ್ ಎಲ್ಲಿದೆಯೋ ಅಲ್ಲಿ ಡಬ್ಬಿ. ಅಧ್ಯಕ್ಷರ ಕುರ್ಚಿ ಎಲ್ಲಿದೆಯೋ ಅಲ್ಲಿ ಡಬ್ಬಿ. ಗುತ್ತಿಗೆದಾರರ ಹುಡುಗ ಬೈಕಿನಲ್ಲಿ ಬಂದು, ಒಂದು ಗಂಟೆಯಲ್ಲಿ ಮೊಳೆ ಹೊಡೆದು, ಫೋಟೊ ತೆಗೆದುಕೊಂಡು ಹೋಗುತ್ತಾನೆ. ಕೇಳಿದರೆ, “ಬಾಕ್ಸ್ ಮೇಲೆ 500 ಮೀಟರ್ ರೇಂಜ್ ಅಂತ ಬರೆದಿದೆ ಸಾರ್” ಅನ್ನುತ್ತಾನೆ.

ಬರೆದಿರಬಹುದು. ಆ 500 ಮೀಟರ್ ಬಯಲಿನಲ್ಲಿ, ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ನಮ್ಮೂರಿನಲ್ಲಿ ಒಂದೂವರೆ ಅಡಿ ದಪ್ಪದ ಗೋಡೆ ಇದೆ, ತಗಡಿನ ಮಾಡು ಇದೆ, ನಡುವೆ ತೋಟ ಇದೆ. ದಪ್ಪ ಗೋಡೆ ಸಿಗ್ನಲನ್ನು ಹೀರಿಕೊಳ್ಳುತ್ತದೆ. ತಗಡು ಅದನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ. ಬೆಂಗಳೂರಿನ ಗೋದಾಮಿನಿಂದ ಬಂದ ಡಬ್ಬಿಗೆ ಇವೆಲ್ಲ ಹೇಗೆ ಗೊತ್ತಾಗಬೇಕು? ಊರು ನೋಡಿ ಇಡುವವರಿಗೆ ಗೊತ್ತಿರಬೇಕು.

‘ಪವರ್ ಜಾಸ್ತಿ ಮಾಡಿ’ ಎಂಬ ಮೋಸ

ಸಿಗ್ನಲ್ ಬರುತ್ತಿಲ್ಲ ಅಂತ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಸಿದ್ಧ ಉತ್ತರ ಒಂದಿದೆ: “ಇನ್ನೂ ಪವರ್‌ಫುಲ್ ಮಷಿನ್ ಹಾಕಿಸೋಣ.” ಅಂದರೆ ಮತ್ತೊಂದು ಅಂದಾಜು ಪಟ್ಟಿ, ಮತ್ತೊಂದು ಬಿಲ್.

ಈ ಮಾತು ಯಾಕೆ ನಿಲ್ಲುವುದಿಲ್ಲ ಅಂತ ಕೇಳಿ.

ಒಂದು, ಬಯಲಿನಲ್ಲೇ ಆದರೂ ದೂರ ಎರಡು ಪಟ್ಟು ಆಗಬೇಕೆಂದರೆ ಪವರ್ ನಾಲ್ಕು ಪಟ್ಟು ಬೇಕು. ಪವರ್ ಎರಡು ಪಟ್ಟು ಮಾಡಿದರೆ 100 ಮೀಟರ್ ಹೋಗುತ್ತಿದ್ದದ್ದು ಸುಮಾರು 140 ಮೀಟರ್ ಹೋದೀತು, ಅಷ್ಟೆ. ತೋಟ-ಗೋಡೆ ಇದ್ದರೆ ಅದೂ ಇಲ್ಲ.

ಎರಡು, ಕಾನೂನಿನ ಮಿತಿ ಇದೆ. ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಯಂತ್ರದ ಪವರ್ 1 ವಾಟ್, ಆಂಟೆನಾದ ಬಲವೂ ಸೇರಿ 4 ವಾಟ್ ಮೀರುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಂಟರ್‌ನೆಟ್ ರೇಡಿಯೊ ಹಾಗೆ ಒನ್‌ವೇ ಅಲ್ಲ. ಜಾತ್ರೆಯಲ್ಲಿ ಮೈಕ್ ಹಿಡಿದವರ ಮಾತು ನಿಮಗೆ ಗದ್ದೆಯ ಆಚೆಯೂ ಕೇಳುತ್ತದೆ. ನೀವು ಅಲ್ಲಿಂದ ಕೂಗಿದರೆ ಅವರಿಗೆ ಕೇಳುತ್ತದೆಯೇ? ನಿಮ್ಮ ಫೋನಿನ ವೈಫೈ ಶಕ್ತಿ ಸಾಮಾನ್ಯವಾಗಿ ಒಂದು ವಾಟ್‌ನ ಹತ್ತನೇ ಒಂದು ಭಾಗದೊಳಗೇ ಇರುತ್ತದೆ. ಪಂಚಾಯಿತಿ ಡಬ್ಬಿ ಎಷ್ಟು ಜೋರಾಗಿ ಕಿರುಚಿದರೂ ನಿಮ್ಮ ಫೋನಿನ ಉತ್ತರ ಅದಕ್ಕೆ ತಲುಪಲೇಬೇಕು. ‘ಕಡ್ಡಿ ಫುಲ್ ತೋರಿಸ್ತದೆ, ಪೇಜ್ ಮಾತ್ರ ಓಪನ್ ಆಗಲ್ಲ’ ಅಂತ ನೀವು ಬೈಯುತ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ.

ಆಂಟೆನಾವನ್ನು ಎತ್ತರದ, ತೆರೆದ ಜಾಗದಲ್ಲಿ ಇಟ್ಟರೆ ಕೂಗುವುದಕ್ಕೂ ಲಾಭ, ಕೇಳುವುದಕ್ಕೂ ಲಾಭ. ಪವರ್ ಹೆಚ್ಚಿಸಿದರೆ ಕೂಗು ಮಾತ್ರ ಜೋರಾಗುತ್ತದೆ. ಆದರೂ ಅಂದಾಜು ಪಟ್ಟಿಯಲ್ಲಿ ಪವರ್‌ಗೆ ಸಾಲು ಇರುತ್ತದೆ, ಜಾಗ ಹುಡುಕುವುದಕ್ಕೆ ಇರುವುದಿಲ್ಲ. ಯಂತ್ರಕ್ಕೆ ಬಿಲ್ ಹಾಕಬಹುದು, ಗುಡ್ಡ ಹತ್ತಿ ನೋಡಿದ ಬುದ್ಧಿವಂತಿಕೆಗೆ ಯಾರು ಬಿಲ್ ಹಾಕುತ್ತಾರೆ?

ಕಣ್ಣಿಗೆ ಕಂಡರೂ ಸಾಲದು

ಪಂಚಾಯಿತಿ ಕಟ್ಟಡದಿಂದ 2 ಕಿಲೋಮೀಟರ್ ಆಚೆಯ ಮಜರೆಗೆ ಸಿಗ್ನಲ್ ಸಾಗಿಸಬೇಕು ಅಂದುಕೊಳ್ಳಿ. ಈ ಕಡೆ ಒಂದು ಆಂಟೆನಾ, ಆ ಕಡೆ ಒಂದು. ಇಲ್ಲಿಂದ ಅಲ್ಲಿನ ಶಾಲೆಯ ಮಾಡು ಕಾಣುತ್ತದೆ. ‘ಕಾಣ್ತದಲ್ಲ, ಸಾಕು’ ಅನ್ನುತ್ತಾರೆ.

ಸಾಲದು. ರೇಡಿಯೊ ಅಲೆ ದಾರದ ಹಾಗೆ ಸಣ್ಣ ಗೆರೆಯಲ್ಲಿ ಹೋಗುವುದಿಲ್ಲ. ಎರಡೂ ತುದಿಯಲ್ಲಿ ಸಣ್ಣ, ನಡುವೆ ದಪ್ಪ, ನಮ್ಮ ಸೌತೆಕಾಯಿ ಹಾಗೆ. ಆ ಸೌತೆಕಾಯಿಯಷ್ಟೂ ಜಾಗ ಖಾಲಿ ಬೇಕು. 5.8 ಗಿಗಾಹರ್ಟ್ಸ್‌ನಲ್ಲಿ 2 ಕಿಲೋಮೀಟರ್ ದೂರಕ್ಕೆ ನಟ್ಟನಡುವೆ ಗೆರೆಯ ಸುತ್ತ 5 ಮೀಟರ್ ಆಗುತ್ತದೆ, 5 ಕಿಲೋಮೀಟರ್ ದೂರಕ್ಕೆ 8 ಮೀಟರ್. ಪೂರ್ತಿ ಅಲ್ಲದಿದ್ದರೂ ಅದರ ಶೇ 60ರಷ್ಟಾದರೂ ತೆರವಾಗಿರಬೇಕು ಎಂಬುದು ಈ ಕೆಲಸದವರ ಸಾಮಾನ್ಯ ಲೆಕ್ಕ. ಅಂದರೆ 2 ಕಿಲೋಮೀಟರ್‌ಗೆ 3 ಮೀಟರ್, 5 ಕಿಲೋಮೀಟರ್‌ಗೆ 5 ಮೀಟರ್. ನಡುವಿನ ಅಡಿಕೆ ತೋಟದ ಹೆಡಲು ದೃಷ್ಟಿಯ ಗೆರೆಗೆ ಒಂದು ಮೀಟರ್ ಕೆಳಗಿದ್ದರೂ ಸಿಗ್ನಲ್ ಸೊರಗುತ್ತದೆ. ಅಡಿಕೆ ಮರ ಬೆಳೆಯುತ್ತದೆ ಎಂಬುದನ್ನೂ ಮರೆಯಬೇಡಿ. ಈ ವರ್ಷ ತೆರವಾಗಿದ್ದ ದಾರಿ ಇನ್ನು ಮೂರು ವರ್ಷಕ್ಕೆ ಮುಚ್ಚಿರುತ್ತದೆ.

ಇದೇನು ಹೊಸ ವಿದ್ಯೆ ಅಲ್ಲ. ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಾಸ್ಪತ್ರೆಯವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡದ ಜೊತೆ ಸೇರಿ, ಹಳ್ಳಿಗಳ ಕಣ್ಣಿನ ತಪಾಸಣಾ ಕೇಂದ್ರಗಳಿಗೆ ಹಲವು ಕಿಲೋಮೀಟರ್ ದೂರ ವೈಫೈ ಕೊಂಡಿ ಹಾಕಿದರು. ಹಳ್ಳಿಯಲ್ಲಿ ಕೂತ ರೋಗಿ, ಊರಿನ ಆಸ್ಪತ್ರೆಯ ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡಿದರು. ಇದು ನಡೆದು ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಯಿತು. 2007ರಲ್ಲಿ ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಸಂಗಡಿಗರು ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ 382 ಕಿಲೋಮೀಟರ್ ವೈಫೈ ದಾಟಿಸಿದರು. ದೊಡ್ಡ ಡಿಶ್ ಆಂಟೆನಾ, ಸೆಟ್ಟಿಂಗ್ ಬದಲಿಸಿದ ಮಾಮೂಲಿ ರೂಟರ್, ನಡುವೆ ಅಡ್ಡಿಯಿಲ್ಲದ ದಾರಿ. ಅಲ್ಲಿ 382 ಕಿಲೋಮೀಟರ್ ಹೋದದ್ದು ಇಲ್ಲಿ ರಸ್ತೆ ದಾಟಿ ಲೈಬ್ರರಿಗೆ ಹೋಗುವುದಿಲ್ಲ!

ಗುಡ್ಡದ ತುದಿಯೂ ತಪ್ಪಾಗಬಹುದು

‘ಹಾಗಾದರೆ ಎಲ್ಲಕ್ಕಿಂತ ಎತ್ತರದ ಗುಡ್ಡಕ್ಕೆ ಹಾಕಿಬಿಡೋಣ’ ಅಂತೀರಾ? ಸ್ವಲ್ಪ ತಡೆಯಿರಿ.

ಸುತ್ತಲೂ ಸಿಗ್ನಲ್ ಹರಡುವ ಕೋಲಿನಂಥ ಆಂಟೆನಾ ನೋಡಿದ್ದೀರಲ್ಲ, ಅದರ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ. ವಡೆಯ ತೂತಿನಲ್ಲಿ ಕೋಲು ನಿಂತಿದೆ ಅಂದುಕೊಳ್ಳಿ. ಕೋಲಿನ ನೇರ ಮೇಲೆ ಮತ್ತು ನೇರ ಕೆಳಗೆ ಸಿಗ್ನಲ್ ಕಮ್ಮಿ. ಹೆಚ್ಚು ದೂರ ಹೋಗುವ ಆಂಟೆನಾ ಬೇಕೆಂದರೆ ಹಿಟ್ಟು ಹೆಚ್ಚಾಗುವುದಿಲ್ಲ. ಇದ್ದ ಹಿಟ್ಟನ್ನೇ ತಟ್ಟಿ ಅಗಲ ಮಾಡುತ್ತಾರೆ, ವಡೆ ಹೋಗಿ ಅಕ್ಕಿರೊಟ್ಟಿ ಆಗುತ್ತದೆ. ಗುಡ್ಡದ ತುದಿಯಲ್ಲಿಟ್ಟ ಆ ರೊಟ್ಟಿ ಕೆಳಗಿನ ಮನೆಗಳ ತಲೆಯ ಮೇಲೆ ಹಾದು ಆಚೆ ಊರಿಗೆ ಹೋಗುತ್ತದೆ. ಕಂಬದ ಬುಡದಲ್ಲೇ ಇರುವ ಮನೆಗೆ ಸಿಗ್ನಲ್ ಇಲ್ಲ, ನಾಲ್ಕು ಮೈಲಿ ಆಚೆಯ ಗದ್ದೆಯಲ್ಲಿ ಹೆಸರು ಕಾಣುತ್ತದೆ. ಇಂಥ ಕಡೆ ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾವನ್ನು ಕೆಳಗೆ ಬಗ್ಗಿಸಿ ಕಟ್ಟಬೇಕು, ಅಥವಾ ಗುಡ್ಡದ ಎದುರು ಇಳಿಜಾರಿನಲ್ಲಿ ಜಾಗ ಹುಡುಕಬೇಕು. ಯಾವುದು ಅಂತ ಹೇಳಲು ಊರು ನೋಡಲೇಬೇಕು.

ಕೇಬಲ್ಲಿನಲ್ಲೂ ಒಂದು ಸೋರಿಕೆ ಇದೆ. ಡಬ್ಬಿ ಕೆಳಗಿಟ್ಟು, ಆಂಟೆನಾ ಮಾತ್ರ ಮೇಲೆ ಹಾಕಿ, ನಡುವೆ ತೆಳು ಆಂಟೆನಾ ಕೇಬಲ್ ಎಳೆಯುತ್ತಾರೆ. ಅಂಥ ಕೇಬಲ್ 10 ಮೀಟರ್ ಇದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ದಾರಿಯಲ್ಲೇ ಹೋಗುತ್ತದೆ. ಪೈಪ್‌ಲೈನ್ ತೂತಾಗಿದ್ದರೆ ಮೋಟರ್ ದೊಡ್ಡದು ಹಾಕಿ ಏನು ಫಲ? ಸರಿಯಾದ ಕ್ರಮ ಎಂದರೆ ಹೊರಗಿಡಲು ಮಾಡಿದ ರೇಡಿಯೊವನ್ನೇ ಆಂಟೆನಾ ಜೊತೆ ಮೇಲೆ ಕಟ್ಟುವುದು. ಕರೆಂಟು ಮತ್ತು ಇಂಟರ್‌ನೆಟ್ ಎರಡನ್ನೂ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಮೇಲಕ್ಕೆ ಕಳಿಸಬಹುದು. ಆ ಕೇಬಲ್ 100 ಮೀಟರ್ ತನಕ ನಡೆಯುತ್ತದೆ. ಜೊತೆಗೆ ಸರಿಯಾದ ಅರ್ಥಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಮೊದಲ ಸಿಡಿಲಿಗೇ ಡಬ್ಬಿ ಹೋಗುತ್ತದೆ.

ಮಳೆಯ ಮೇಲೆ ಹಾಕುವ ಸುಳ್ಳು ಆಪಾದನೆ

“ಮಳೆ ಬಂತು, ಅದಕ್ಕೆ ವೈಫೈ ಹೋಯ್ತು” ಎಂಬುದು ಎಲ್ಲರೂ ನಂಬಿದ ಮಾತು. ಡಿಶ್ ಟಿವಿ ಮಳೆಗೆ ನಿಲ್ಲುವುದನ್ನು ನೋಡಿ ನಂಬಿದ್ದೇವೆ. ಅದು 10 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗ, ಅದಕ್ಕೆ ಮಳೆ ಹನಿ ನಿಜವಾಗಿ ತಡೆ. ವೈಫೈಯ 2.4 ಅಥವಾ 5 ಗಿಗಾಹರ್ಟ್ಸ್‌ಗೆ ಬೀಳುವ ಮಳೆಯಿಂದ ಆಗುವ ನಷ್ಟ ತೀರಾ ಅಲ್ಪ.

ಹಾಗಾದರೆ ಮಳೆಗಾಲದಲ್ಲಿ ಯಾಕೆ ಹೋಗುತ್ತದೆ? ಬೇಸಿಗೆಯಲ್ಲಿ ಒಣಗಿದ್ದ ಎಲೆಗಳು ಈಗ ಒದ್ದೆ, ಹೊಸ ಚಿಗುರು ಬಂದು ದಟ್ಟ. ನೀರು ಕುಡಿದ ಹಸಿರು ಸಿಗ್ನಲನ್ನು ಹೀರುತ್ತದೆ. ಟೇಪು ಸುತ್ತದ ಕನೆಕ್ಟರ್ ಒಳಗೆ ನೀರು ಇಳಿದಿದೆ. ಕರೆಂಟು ಹೋಗಿದೆ, ಬ್ಯಾಟರಿ ಇಟ್ಟಿಲ್ಲ. ಇವು ಮೂರೂ ಮಳೆಯ ತಪ್ಪಲ್ಲ. ಮಾರ್ಚ್ ತಿಂಗಳಲ್ಲಿ, ಅನುದಾನ ಲ್ಯಾಪ್ಸ್ ಆಗುವ ಮೊದಲು, ಗಡಿಬಿಡಿಯಲ್ಲಿ ಡಬ್ಬಿ ಹೊಡೆದವರ ತಪ್ಪು.

‘ಸರ್ವೆಗೆ ಟೈಮ್ ಎಲ್ಲಿದೆ, ದುಡ್ಡೆಲ್ಲಿದೆ?’

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಕಳೆದ ಮಳೆಗಾಲದ ಅದೇ ಭೇಟಿಯಲ್ಲಿ ನಾವು ಒಂದು ಪ್ರಯೋಗ ಮಾಡಿದೆವು. ಪಿಡಿಒ ಅವರನ್ನು ಕೇಳಿಕೊಂಡು ಅವರು ಒಪ್ಪಿದ ಮೇಲೆ ಮಳೆ ನಿಂತ ಹೊತ್ತಿನಲ್ಲಿ ಅದೇ ಡಬ್ಬಿಯನ್ನು ಬಿಚ್ಚಿ, ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಕಟ್ಟಡದ ತಾರಸಿಯ ರಸ್ತೆ ಕಡೆಯ ಮೂಲೆಯಲ್ಲಿ ಅರ್ಧ ಗಂಟೆ ಇಟ್ಟೆವು. ಮೊದಲು ಲೈಬ್ರರಿಯ ಬೆಂಚಿನಲ್ಲಿ ಫೋನ್ ಮೈನಸ್ 86 ತೋರಿಸುತ್ತಿತ್ತು. ಈಗ ಮೈನಸ್ 64 ತೋರಿಸಿತು. ಹುಡುಗಿಯ ಅರ್ಜಿ ಅಲ್ಲೇ ಕೂತು ಸಬ್ಮಿಟ್ ಆಯಿತು. ಹೊಸ ಯಂತ್ರ ತರಲಿಲ್ಲ, ಒಂದು ರೂಪಾಯಿ ಖರ್ಚಾಗಲಿಲ್ಲ. ಆಮೇಲೆ ಡಬ್ಬಿ ಮತ್ತೆ ಒಳಗೋಡೆಗೆ ಹೋಯಿತು. ಅದು ಒಳಗಿಡುವ ಡಬ್ಬಿ, ಮಳೆಗೆ ಬಿಡುವ ಹಾಗಿಲ್ಲ. ಹೊರಗಿಡುವ ಡಬ್ಬಿಗೆ ಮತ್ತೆ ಅನುದಾನ ಬೇಕಂತೆ. ಮೊದಲೇ ಅರ್ಧ ಗಂಟೆ ಕೊಟ್ಟಿದ್ದರೆ ಈ ಎರಡನೇ ಖರ್ಚು ಯಾಕೆ ಬರುತ್ತಿತ್ತು?

ಆ ಮೈನಸ್ ಅಂಕಿ ಏನು ಅಂತ ತಿಳಿದುಕೊಳ್ಳಿ. ಅದು ಸಿಗ್ನಲ್ ಅಳೆಯುವ ಡಿಬಿಎಂ ಲೆಕ್ಕ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 60 ಆಸುಪಾಸು ಚೆನ್ನಾಗಿದೆ, ಮೈನಸ್ 70 ಪರವಾಗಿಲ್ಲ, ಮೈನಸ್ 80 ದಾಟಿದರೆ ನೆಚ್ಚಿಕೊಳ್ಳಬೇಡಿ. ಇದನ್ನು ತೋರಿಸುವ ಉಚಿತ ವೈಫೈ ಅನಲೈಸರ್ ಆ್ಯಪ್‌ಗಳು ಬೇಕಾದಷ್ಟಿವೆ.

ಇನ್ನೊಂದು ವಾದ: ‘ನಾಳೆ ಮನೆಮನೆಗೆ ಫೈಬರ್ ಬರ್ತದೆ, ಉಪಗ್ರಹದ ಇಂಟರ್‌ನೆಟ್ ಬರ್ತದೆ, ಈಗ ಇದೆಲ್ಲ ಯಾಕೆ?’ ಬರಲಿ, ಸಂತೋಷ. ಪಂಚಾಯಿತಿಗೆ ಫೈಬರ್ ತರುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಭಾರತ್‌ನೆಟ್ ಎಂಬ ಹೆಸರು ಆಮೇಲೆ ಬಂದದ್ದು. ಇಷ್ಟು ವರ್ಷವಾದರೂ ಪಂಚಾಯಿತಿ ಬಾಗಿಲಿನಿಂದ ನಮ್ಮ ಅಡುಗೆಮನೆ ತನಕದ ಕೊನೆಯ ತುಂಡು ದಾರಿ ಹಾಗೇ ಉಳಿದಿದೆ. ಉಪಗ್ರಹದ ಸಿಗ್ನಲ್ ಬಂದರೂ ಅದನ್ನು ಲೈಬ್ರರಿಗೆ, ಅಂಗನವಾಡಿಗೆ, ಹಾಲಿನ ಡೇರಿಗೆ ಹಂಚುವುದು ಇದೇ ವೈಫೈ. ಜಾಗ ತಪ್ಪಿದರೆ ಆಗಲೂ ಹಿಂಗೋಡೆಯೇ ಗತಿ.

ಪಾಯಿಂಟ್ ನೋಡುವವರು ಊರಲ್ಲೇ ಇದ್ದಾರೆ

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲರ ಫೋನಿಗೂ ಬಂದಿತ್ತು. ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಸುರಿವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದರು. ನಾವೆಲ್ಲ ಮರುಗಿದೆವು. ಆದರೆ ಒಂದು ಮಾತು ಯೋಚಿಸಿ: ಸಿಗ್ನಲ್ ಸಿಗುವ ಜಾಗ ಹುಡುಕಿ ಕೂತವರು ಅವರು. ಎಲ್ಲಿ ಸಿಗ್ನಲ್ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಅನ್ನುವುದು ಪ್ರತಿ ಊರಿನ ಮಕ್ಕಳಿಗೆ ಗೊತ್ತಿದೆ. ಯಾವ ಗುಡ್ಡದಿಂದ ಯಾವ ಮನೆ ಕಾಣುತ್ತದೆ ಅಂತ ದನ ಕಾಯುವವರಿಗೆ ಗೊತ್ತು. ಯಾವ ತೋಟದ ಮರ ಎಷ್ಟು ಎತ್ತರ ಅಂತ ಕೊನೆ ಕೊಯ್ಯುವವರಿಗೆ ಗೊತ್ತು. ಎಲ್ಲಿ ಕರೆಂಟು ನಿಲ್ಲುತ್ತದೆ, ಎಲ್ಲಿ ಸಿಡಿಲು ಹೊಡೆಯುತ್ತದೆ ಅಂತ ಲೈನ್‌ಮನ್‌ಗೆ ಗೊತ್ತು. ಇವರಲ್ಲಿ ಒಬ್ಬರನ್ನಾದರೂ ಡಬ್ಬಿ ಹಾಕುವ ಮೊದಲು ಯಾರಾದರೂ ಕೇಳಿದ್ದಾರೆಯೇ?

ನಕ್ಷೆಯೂ ಬೇಕು. ಗೂಗಲ್ ಅರ್ಥ್‌ನಲ್ಲಿ ಎರಡು ಜಾಗದ ನಡುವೆ ಗೆರೆ ಎಳೆದರೆ ನೆಲದ ಏರಿಳಿತ ಕಾಣುತ್ತದೆ. ಆದರೆ ನಿಮ್ಮ ತೋಟದ ಮರದ ಎತ್ತರ ಅದನ್ನು ನಂಬಿ ಲೆಕ್ಕ ಹಾಕುವಂಥದ್ದಲ್ಲ. ಅದಕ್ಕೆ ಕಾಲ್ನಡಿಗೆಯೇ ಬೇಕು. ಬಿಸಿಲಿನಲ್ಲಿ ಒಂದು ತುದಿಯಿಂದ ಕನ್ನಡಿ ಹೊಳೆಸಿ, ಇಲ್ಲವೇ ರಾತ್ರಿ ಟಾರ್ಚ್ ಹಿಡಿದು, ಇನ್ನೊಂದು ತುದಿಯಲ್ಲಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಅಲ್ಲಿಗೆ ನೇರ ಕೊಂಡಿ ಆಗುವುದಿಲ್ಲ. ನಡುವೆ ಎರಡೂ ಕಡೆ ಕಾಣುವ ಮೂರನೇ ಜಾಗ ಹುಡುಕಬೇಕು. ಊರಿನ ಓವರ್‌ಹೆಡ್ ಟ್ಯಾಂಕ್ ಇಂಥದ್ದಕ್ಕೆ ಒಳ್ಳೆಯ ಜಾಗ. ಆದರೆ ಟ್ಯಾಂಕಿನ ಪಕ್ಕಕ್ಕೆ ಕಟ್ಟಿದರೆ ತುಂಬಿದ ನೀರೇ ಆ ಕಡೆಗೆ ಗೋಡೆ. ಟ್ಯಾಂಕಿನ ತಲೆಗಿಂತ ಮೇಲೆ ಬರುವಂತೆ, ಕೆಲಸ ಗೊತ್ತಿರುವವರಿಂದ ಕಟ್ಟಿಸಬೇಕು.

ಮುಂದಿನ ಗ್ರಾಮಸಭೆಯಲ್ಲಿ ಕೇಳಿ

ಗ್ರಾಮಸಭೆ ಯಾರೂ ಕೊಟ್ಟ ಭಿಕ್ಷೆ ಅಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟ ಜಾಗ. ಕ್ರಿಯಾ ಯೋಜನೆಯಲ್ಲಿ ವೈಫೈ ಎಂಬ ಸಾಲು ಕಂಡ ತಕ್ಷಣ ಎದ್ದು ನಿಂತು ಈ ಐದು ಪ್ರಶ್ನೆ ಕೇಳಿ:

1. ಯಾರಿಗೆ ಸಿಗ್ನಲ್ ಮುಟ್ಟಬೇಕು? ಶಾಲೆ, ಲೈಬ್ರರಿ, ಅಂಗನವಾಡಿ, ರೇಷನ್ ಅಂಗಡಿ, ಡೇರಿ, ಕಾಲೊನಿ, ಪಟ್ಟಿ ಓದಿ ಹೇಳಿ.
2. ಡಬ್ಬಿ ಇಡುವ ಜಾಗ ಯಾರು ನೋಡಿದರು? ಯಾವ ದಿನ, ಊರಿನ ಯಾರ ಜೊತೆ ನಡೆದರು?
3. ಆಂಟೆನಾ ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ? ನಡುವಿನ ಮರ ಎಷ್ಟು ಎತ್ತರ?
4. ಕರೆಂಟು ಹೋದರೆ ಎಷ್ಟು ಹೊತ್ತು ನಡೆಯುತ್ತದೆ? ಅರ್ಥಿಂಗ್ ಇದೆಯೇ?
5. ಕೊನೆಯ ಕಂತಿನ ಬಿಲ್ ಯಾವಾಗ ಪಾಸ್?

ಐದನೆಯದೇ ಬಿಗಿ. ಒಂದು ಕಂತು ಜುಲೈ ತನಕ ಉಳಿಸಿಕೊಳ್ಳಿ ಎಂದು ಪಟ್ಟು ಹಿಡಿಯಿರಿ. ಜುಲೈ ತಿಂಗಳ ಒಂದು ಒದ್ದೆ ಮಧ್ಯಾಹ್ನ, ಪಟ್ಟಿಯಲ್ಲಿರುವ ಪ್ರತಿ ಜಾಗದಲ್ಲಿ ನಿಂತು ಫೋನ್ ತೋರಿಸುವ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಊರಿನವರ ಸಹಿ ಹಾಕಿಸಿದ ಮೇಲೆ ದುಡ್ಡು. ರಸ್ತೆಯ ಡಾಂಬರು ಕಿತ್ತರೆ ಗುತ್ತಿಗೆದಾರರನ್ನು ಕೇಳುತ್ತೇವೆ. ಕಣ್ಣಿಗೆ ಕಾಣದ ದಾರಿ ಅಂತ ಇದನ್ನು ಬಿಟ್ಟುಬಿಡುವುದು ಯಾಕೆ?

ಪಿಡಿಒಗಳ ಮೇಲೆ ಎಲ್ಲ ಹೊರೆ ಹಾಕುತ್ತಿಲ್ಲ. ಅವರಿಗೆ ಮೇಲಿನಿಂದ ಬರುವ ನಮೂನೆಯಲ್ಲಿ ‘ಎಷ್ಟು ಅಳವಡಿಸಿದ್ದೀರಿ’ ಎಂಬ ಕಾಲಂ ಇರುತ್ತದೆ, ‘ಎಷ್ಟು ಜನಕ್ಕೆ ಮುಟ್ಟಿತು’ ಎಂಬ ಕಾಲಂ ಇರುವುದಿಲ್ಲ. ಡಬ್ಬಿ ಎಣಿಸುವ ಸರಕಾರಕ್ಕೆ ಡಬ್ಬಿಯೇ ಸಿಗುತ್ತದೆ. ಆ ಎರಡನೇ ಕಾಲಂ ಸೇರಿಸಲು ನಾವು ಕೇಳಬೇಕು.

ಪತ್ರಕರ್ತರಾದ ನಮಗೂ ಒಂದು ನಿಯಮ ಇರಲಿ. ಇನ್ನು ಮೇಲೆ ವೈಫೈ ಉದ್ಘಾಟನೆಗೆ ಕರೆದರೆ ನಾನು ಹೋಗುತ್ತೇನೆ. ಟೇಪು ಕತ್ತರಿಸುವಾಗ ಫೋಟೊ ತೆಗೆಯುವುದಿಲ್ಲ. ಕಾಫಿ ಕುಡಿದು, ಫೋನ್ ಕೈಯಲ್ಲಿ ಹಿಡಿದು ನಡೆಯಲು ಶುರು ಮಾಡುತ್ತೇನೆ. ಸಿಗ್ನಲ್ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಂತು ಫೋಟೊ ತೆಗೆಯುತ್ತೇನೆ. ನೀವೂ ನಿಮ್ಮೂರಲ್ಲಿ ನಡೆದು ನೋಡಿ. ಎಷ್ಟು ಹೆಜ್ಜೆಗೆ ನಿಂತಿತು ಅಂತ ನಮಗೆ ಬರೆದು ಕಳಿಸಿ, ಹಾಕುತ್ತೇವೆ.